ಮರೆತ ಬೆಣೆ

ಮಳೆ ಹತ್ತಿರವಾದರೆ ಕುಕ್‌ಟೌನಿನ ಪಿಯಾನೋಗಳಿಗೆಲ್ಲ
ಸಣ್ಣಗೆ ನೆಗಡಿ.
ಮರ ಉಬ್ಬುತ್ತದೆ, ಶ್ರುತಿ ಏರುತ್ತದೆ,
ನನ್ನ ಫೋನು ಹೊಡೆದುಕೊಳ್ಳುತ್ತದೆ.

ಡೋರೀನ್ ಪಿಕಾರ್ಡೊ ಮಾತ್ರ ಫೋನು ಮಾಡುವವರಲ್ಲ.
ಬ್ರೆಡ್ಡಿನವನ ಕೈಲಿ ಚೀಟಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:
"ಚೌರಪ್ಪ, ಬಾ. ನಡುಮನೆಯವರು ಮತ್ತೆ ಜಗಳಕ್ಕೆ ಬಿದ್ದಿದ್ದಾರೆ."

ಎಪ್ಪತ್ತಮೂರು ವರ್ಷ. ಒಂದು ಮಂಡಿ ಸ್ವಂತದ್ದು,
ಇನ್ನೊಂದು ಆಸ್ಪತ್ರೆಯದ್ದು.
ಬ್ರಿಗೇಡ್ ರಸ್ತೆಯ ಹೋಟೆಲಿನಲ್ಲಿ ಹದಿನೆಂಟು ವರ್ಷ
ಚಮಚ ತಟ್ಟೆಗಳ ಸದ್ದಿನ ಮೇಲೆ ಜಾಝ್ ನುಡಿಸಿದ ಕೈ;
ಎಡಗೈ ಈಗಲೂ ಸಂಜೆಯ ವಾಕಿಂಗ್ ಹೊರಟಂತೆ
ನಾಲ್ಕು ಹೆಜ್ಜೆ, ನಾಲ್ಕು ಹೆಜ್ಜೆ,
ಯಾರನ್ನೂ ಕಾಯದೆ, ಯಾರಿಗೂ ತಡವಾಗದೆ.

ಮಹಡಿಯಲ್ಲಿ ಬಾಡಿಗೆಗೆ ತಬ್ರೇಝ್, ಗಿಟಾರ್ ಮೇಷ್ಟ್ರು.
ಹಗಲು ಮಕ್ಕಳಿಗೆ ಹುಟ್ಟುಹಬ್ಬದ ಹಾಡು,
ರಾತ್ರಿ ಹತ್ತರ ಮೇಲೆ ತನಗಾಗಿ ಫ್ಲಮೆಂಕೊ.
ಹನ್ನೆರಡರ ಎಣಿಕೆ ಅದು, ಹನ್ನೆರಡರಿಂದಲೇ ಶುರು,
ಗಡಿಯಾರದ ಹಾಗೆ.
ಮೂರಕ್ಕೊಂದು ಏಟು, ಆರಕ್ಕೊಂದು,
ಆಮೇಲೆ ಬಸ್ಸು ಕಂಡವನಂತೆ ಅವಸರವಾಗಿ
ಎಂಟಕ್ಕೆ, ಹತ್ತಕ್ಕೆ.
ನಡುನಡುವೆ ಉಗುರಿನಿಂದ ಗಿಟಾರಿನ ಹೊಟ್ಟೆಗೇ ಟಕ್.

ಸೂರಿನಿಂದ ಗಾರೆಪುಡಿಯ ಜೊತೆ ಇಳಿಯುತ್ತಿತ್ತು ಅದು.
ಮೊದಲ ತಿಂಗಳು ಇವರು ಊರುಗೋಲೆತ್ತಿ ಸೂರಿಗೆ ಕುಟ್ಟಿದರು.
ಎರಡನೇ ತಿಂಗಳು ಕುಟ್ಟಿದ್ದೆಲ್ಲ ತಾಳಕ್ಕೆ ಬೀಳತೊಡಗಿತು.
ಮೂರನೆಯದರಲ್ಲಿ ಬಾಡಿಗೆ ಬರಲಿಲ್ಲ; ಇವರು ಕೇಳಲೂ ಇಲ್ಲ.

"ನಾಕ್ ಮೂರ್ಲ ಹನ್ನೆರಡು, ಅಲ್ವೇನೋ ಚೌರಪ್ಪ?
ಮಗ್ಗಿಯಲ್ಲಿ ಸರಿ. ಕೈಯಲ್ಲಿ ಯಾಕೆ ಕೂರಲ್ಲ?"

ನಾನು ಮುಂಪಲಕ ಬಿಚ್ಚಿ, ತಂತಿಗಳ ನಡುವೆ ಬೆಣೆ ತುರುಕುತ್ತಿದ್ದೆ.
ಒಂದು ಸ್ವರಕ್ಕೆ ಮೂರು ತಂತಿ; ಎರಡರ ಬಾಯಿ ಮುಚ್ಚಿಸಿ
ಒಂದನ್ನು ಮಾತಾಡಿಸುವುದು ನನ್ನ ಕಸುಬು.
ಬೆಣೆಗಳು ಅಂಗಡಿಯವಲ್ಲ,
ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿ ಕೊಯ್ದು ಮಾಡಿದವು.

ತಕರಾರು ಎಣಿಕೆಯದಷ್ಟೇ ಆಗಿರಲಿಲ್ಲ.
"ಆ ಹಾಡುವವರು ಗಂಟಲು ಹರಿದು ಕೂಗ್ತಾರಲ್ಲ, ಆ ಸ್ವರ
ಈ ಬಿಳಿಯದರಲ್ಲೂ ಇಲ್ಲ, ಈ ಕರಿಯದರಲ್ಲೂ ಇಲ್ಲ,"
ಎಂದು ಪಕ್ಕಪಕ್ಕದ ಎರಡನ್ನೂ ಒಟ್ಟಿಗೆ ಒತ್ತಿದರು.
ತರಚಿದ ಗಾಯದ ಮೇಲೆ ಗಾಳಿ ಊದಿದಂತೆ
ನಡುವೆ ಏನೋ ಕಂಪಿಸಿತು.
"ಜಾಝಿನಲ್ಲೂ ನಾವು ಹೀಗೇ ಕದೀತಿದ್ದದ್ದು."

ನಲವತ್ತು ವರ್ಷ ನಾನು ಮನೆಮನೆಯಿಂದ ಹೊರಗಟ್ಟಿದ್ದು
ಆ ಕಂಪನವನ್ನೇ.
ಮಾತಾಡದೆ ಕೀಲಿ ಒರೆಸಿದೆ.

ಚಹಾ, ರಸ್ಕು, ಕವರಿನಲ್ಲಿ ದುಡ್ಡು.
ಲಿಂಗರಾಜಪುರದ ಬಸ್ಸಿನಲ್ಲಿ ಚೀಲ ತೆಗೆದು ಬೆಣೆ ಎಣಿಸಿದೆ:
ಹನ್ನೊಂದು.

ಆ ರಾತ್ರಿ, ಹೊಟ್ಟೆಯಲ್ಲೇ ಕತ್ತರಿ ಬಿಟ್ಟು ಹೊಲಿದ
ಸರ್ಜನ್ನನ ನಿದ್ದೆ ನನ್ನದು.
ಬೆಳಿಗ್ಗೆ ಓಡಿದೆ. ಗೇಟಿನಲ್ಲೇ ಕೇಳಿಸಿತು:
ಎಡಗೈ ತನ್ನ ಪಾಡಿಗೆ ನಡೆಯುತ್ತಿದೆ,
ಬಲಗೈ ಹತ್ತಿ, ಜಾರಿ, ತಿರುಗಿ ನಿಂತು,
ಎಂಟಕ್ಕೆ, ಹತ್ತಕ್ಕೆ, ಸ್ವರ ಬರಬೇಕಾದಲ್ಲಿ
ಟಕ್.
ಒಣ ಹಲಗೆಯ ಮೇಲೆ ಹಿಮ್ಮಡಿ.

ನನ್ನ ಬೆಣೆ ಜಾರಿ, ಅಡ್ಡಡ್ಡ ಸಿಕ್ಕಿಕೊಂಡು
ಮೂರು ತಂತಿಯನ್ನೂ ಮೂಕ ಮಾಡಿತ್ತು.
ಮೇಲಿನಿಂದ ಗಿಟಾರು ಅದಕ್ಕೆ ಉತ್ತರಿಸುತ್ತಿತ್ತು,
ಬಾಡಿಗೆಯ ಮಾತೊಂದನ್ನು ಬಿಟ್ಟು.

"ಬೆಣೆ ಬಿಟ್ಟುಹೋಗಿದ್ದೆ, ಮೇಡಂ."
"ಗೊತ್ತು," ಎಂದರು, ಕೈ ನಿಲ್ಲಿಸದೆ.
"ಈ ಕಾಲು ನೆಲಕ್ಕೆ ಕುಟ್ಟಬಾರದು ಅಂದಿದ್ದಾರೆ ಡಾಕ್ಟ್ರು.
ನಿನ್ನ ಚಪ್ಪಲಿ ಕುಟ್ಟಲಿ ಬಿಡು."

ಹನ್ನೆರಡನೆಯದಕ್ಕೆ ಜೋಡಿಯ ಇನ್ನೊಂದನ್ನು ಕೊಯ್ದೆ.
ಶ್ರುತಿ ಮಾಡುವವನು ಆಡಬಾರದ ಮಾತು, ಆದರೂ ಹೇಳುತ್ತೇನೆ:
ಬೇರೆ ಮನೆಗಳಲ್ಲಿ ಕೆಲಸ ಮುಗಿಸಿ, ಎಂಬತ್ತೆಂಟನ್ನೂ
ಒಂದೊಂದಾಗಿ ಒತ್ತಿ, ಎಲ್ಲವೂ ನುಡಿದಾಗ
ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು
ಕಾಲಿಟ್ಟಂತಾಗುತ್ತದೆ.