ನೂಲಿನ ತೂಕ

ಜಾಲರಿಯ ಮೇಲೆ ಇಲಿ. ಜಾಲರಿಯ ಕೆಳಗೆ ನನ್ನ ಕೈ,
ಕೈಯಲ್ಲೊಂದು ನೈಲಾನ್ ಎಳೆ.
ಅಂಗಾಲಿಗೆ ತಾಗಿಸಿ, ಎಳೆ ಬಾಗುವವರೆಗೆ ಒತ್ತಿ
ಎಣಿಸುತ್ತೇನೆ: ಒಂದು, ಎರಡು.
ಕಾಲು ಕಿತ್ತುಕೊಂಡರೆ ಗುರುತು,
ಸುಮ್ಮನಿದ್ದರೆ ಸೊನ್ನೆ.
ನರಕ್ಕೆ ಗಂಟು ಹಾಕಿದ ಹದಿನಾಲ್ಕನೆಯ ದಿನ
ಒಂದು ಹನಿ ನೀರಿಗಿಂತ ಹಗುರದ ಎಳೆಯೇ
ಸಾಕಾಗುತ್ತದೆ ಅದಕ್ಕೆ.
ಗಂಟು ಹಾಕಿದವಳೂ ನಾನೇ. ರೇಷ್ಮೆ ದಾರ.

ಹನ್ನೊಂದು ವರ್ಷದಿಂದ ಇದೇ ಕೆಲಸ.
ಯಶವಂತಪುರದ ಕಡೆಯ ರೈಲು ಕೂಗಿದರೆ
ಇಲಿಗಳೂ ನಾನೂ ಒಟ್ಟಿಗೆ ಬೆಚ್ಚುತ್ತೇವೆ;
ಆ ನಿಮಿಷದ ಲೆಕ್ಕ ಹೊಡೆದುಹಾಕುತ್ತೇನೆ.

ಗಂಗಹನುಮಯ್ಯ ಬಂದದ್ದು ಒಂದು ಮಂಗಳವಾರ.
ಪೀಣ್ಯ ಎರಡನೇ ಹಂತ, ಪವರ್ ಪ್ರೆಸ್ಸು.
ಎಡಗೈಯ ಕೊನೆಯ ಎರಡು ಬೆರಳು
"ತಗಡಿನ ಜೊತೆ ಹೋದವು" ಅಂದರು,
ಊರಿಗೆ ಹೋದವು ಅನ್ನುವ ಹಾಗೆ.

ನನ್ನ ಹತ್ತಿರ ಪ್ರಶ್ನಾವಳಿ ಇತ್ತು,
ಬೇರೆ ದೇಶದಲ್ಲಿ ಹುಟ್ಟಿದ್ದು,
ಕನ್ನಡಕ್ಕೆ ತಂದವರು ಯಾರೋ ಅವಸರದವರು.
ನೋವು ಚುಚ್ಚುವಂಥದೋ, ಕೊರೆಯುವಂಥದೋ, ಸುಡುವಂಥದೋ?
ಹತ್ತಕ್ಕೆ ಎಷ್ಟು?
ಅವರು ಚೌಕಗಳನ್ನೆಲ್ಲ ನೋಡಿ ಪೆನ್ನಿನ ಮುಚ್ಚಳ ಹಾಕಿದರು.
"ಉರಿ ಅಲ್ಲ ಮೇಡಂ. ಉರಿ ಅಂದ್ರೆ ನೀರು ಹಾಕ್ಬಹುದು.
ಇದು ಧುಮುಧುಮು ಅನ್ನುತ್ತೆ, ಆಮೇಲೆ ಚಳಕ್ ಅಂತ ಸಿಡಿದು
ಮೊಣಕೈಲಿ ಬಂದು ಕೂತ್ಕೊಳ್ಳುತ್ತೆ.
ಇನ್ನೊಂದು. ಆ ಉಂಗುರದ ಬೆರಳಿದೆಯಲ್ಲ,
ಇಲ್ಲ, ಇತ್ತಲ್ಲ,
ಅದರ ಉಂಗುರ ಬಿಗೀತಾ ಇದೆ.
ಸೋಪು ಹಚ್ಚಿ ತೆಗೀಬೇಕು ಅನ್ಸುತ್ತೆ.
ಎಲ್ಲಿಗೆ ಹಚ್ಚಲಿ?"

ಅದಕ್ಕೆ ಚೌಕವಿರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ.
ಉಂಗುರ ಪ್ರೆಸ್ಸಿನಡಿ ಸಿಕ್ಕಿತ್ತಂತೆ, ಚಪ್ಪಟೆಯಾಗಿ;
ಹೆಂಡತಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಾರೆ.

ವಿಮೆಯ ಕಚೇರಿಯ ಪಟ್ಟಿಯಲ್ಲಿ
ಬೆರಳಿಗಿಷ್ಟು ಶೇಕಡಾ ಅಂತ ಇದೆ.
ಇಲ್ಲದ್ದಕ್ಕೆ ದುಡ್ಡು ಬಂತು.
ಇರುವುದಕ್ಕೆ ಕಾಲಂ ಇರಲಿಲ್ಲ.

ನಾನು ಚಿತ್ರ ಬರೆದು ತೋರಿಸಹೊರಟೆ:
ತುಂಡಾದ ನರ ಚಿಗುರಲು ಹೋಗಿ, ದಾರಿ ಸಿಗದೆ
ಗಂಟುಗಟ್ಟುತ್ತದೆ; ಬೆನ್ನುಹುರಿಯಲ್ಲಿ
ಸ್ಪರ್ಶದ ಸುದ್ದಿ ತಪ್ಪು ಬಾಗಿಲು ತಟ್ಟಿ
ಅವರು ನಡುವೆಯೇ ತಲೆಯಾಡಿಸಿದರು.
ಭಾವಮೈದುನ ಬೆಸ್ಕಾಂ ಲೈನ್‌ಮನ್ನು.
"ಗೊತ್ತು. ರಸ್ತೆ ಅಗೆಯೋರು ಕೇಬಲ್ ಕಡಿದ್ರೆ
ಆ ತುದಿ ಸುಮ್ನಿರಲ್ಲ, ಮಣ್ಣೊಳಗೇ ಕಿಡಿ ಕಾರುತ್ತೆ.
ದೂರು ಬರೋದು ಮಾತ್ರ
ಮೂರನೇ ಕ್ರಾಸಿನ ಕೊನೇ ಮನೆಯಿಂದ."
ಈಗ ಪಾಠ ಮಾಡುವಾಗ
ನಾನೂ ಮೊದಲು ರಸ್ತೆ ಅಗೆಯುತ್ತೇನೆ.

ಡಿಸೆಂಬರಿನಲ್ಲಿ ಅವರಿಗೆ ಗಾಳಿ ಆಗದು.
ಗಾಳಿಗೆಂದು ಬಟ್ಟೆ ಸುತ್ತಿದರೆ ಬಟ್ಟೆ ಆಗದು.
ಗೊರಗುಂಟೆಪಾಳ್ಯದಲ್ಲಿ ಬಸ್ಸಿಗೆ ಜನ ತುಂಬಿದರೆ
ಎಡಗೈಯನ್ನು ಎಲ್ಲರ ತಲೆಗಿಂತ ಮೇಲೆತ್ತಿ ನಿಲ್ಲುತ್ತಾರೆ,
ಏನೋ ಕೇಳಬೇಕಿರುವ ಹುಡುಗನ ಹಾಗೆ.
"ಏನ್ರೀ, ಇಳೀಬೇಕಾ?"
"ಇಲ್ಲ."
"ಮತ್ತೆ ಕೈ ಯಾಕೆ?"
ಕಂಡಕ್ಟರು ದಿನಾ ಬೇರೆ, ಪ್ರಶ್ನೆ ಅದೇ.

ರಾತ್ರಿ ಇಲಿಮನೆಯ ಕೆಂಪು ದೀಪದಲ್ಲಿ
ಏಳನೇ ಪೆಟ್ಟಿಗೆಯ ಇಲಿ
ಹಿಂಗಾಲೊಂದನ್ನು ಎತ್ತಿ ಹಿಡಿದು
ಉಳಿದ ಮೂರರ ಮೇಲೆ ನಿಂತಿತ್ತು.
ಯಾರೂ ಮುಟ್ಟುತ್ತಿರಲಿಲ್ಲ. ಹಾಸಿದ ಭತ್ತದ ಹೊಟ್ಟೇ ಮುಳ್ಳು.
ಅವತ್ತು ಎಳೆಗಳ ಡಬ್ಬಿ ತೆರೆಯಲಿಲ್ಲ ನಾನು.
ಮರುದಿನ ತೆರೆದೆ. ಅದನ್ನೂ ಹೇಳಬೇಕು.

ಕಳೆದ ವಾರ ಅವರದು ಕೊನೆಯ ಭೇಟಿ.
ಔಷಧಿ ಯಾವಾಗ ಅಂತ ಅವರು ಕೇಳಲಿಲ್ಲ,
ಕೇಳಿದ್ದರೆ ಹೇಳುವಂಥದ್ದು ನನ್ನಲ್ಲಿರಲಿಲ್ಲ.
ಬಾಗಿಲಲ್ಲಿ ತಿರುಗಿ ನಮಸ್ಕಾರ ಮಾಡಿದರು.
ಅಂಗೈಗಳು ಕೂಡಲಿಲ್ಲ,
ನಡುವೆ ಒಂದು ಅಂಗುಲ ಬಿಟ್ಟಿದ್ದರು.
ನಾನೂ ಕೈಯೆತ್ತಿದೆ.
ನನ್ನವೂ ಅಷ್ಟರಲ್ಲೇ ನಿಂತವು.