ಲೆಕ್ಕಕ್ಕೆ ಒಂದು ಕಮ್ಮಿ

ವಡ್ಡಹಳ್ಳಿ ಮಂಡಿಯಲ್ಲಿ ಬಾಕ್ಸಿಗೆ ಮೂವತ್ತಕ್ಕೂ ಕೇಳುವವರಿಲ್ಲದೆ
ರಸ್ತೆ ಪಕ್ಕ ಟಮೋಟ ಸುರಿದುಹೋದ ವಾರ
ನಮ್ಮ ಬಲೆಮನೆಯೊಳಗೆ ಒಂದೊಂದು ಹಣ್ಣಿಗೂ ನಂಬರು.

ಎರಡು ಬಾಗಿಲು. ನಡುವೆ ಸುಣ್ಣದ ನೀರಿನ ತಟ್ಟೆ.
ಚಪ್ಪಲಿ ಆಚೆ, ಅವರ ಬೂಟು ಈಚೆ,
ಸೆರಗಿನ ಮೇಲೆ ಬಿಳಿ ಕೋಟು.
ಗಿಡ ಇನ್ನೂರ ಹನ್ನೆರಡು, ಹಣ್ಣು ಒಂಬೈನೂರ ನಾಲ್ಕು.
ಬರೆಯುವವಳು ನಾನು, ಮುನಿಲಕ್ಷ್ಮಮ್ಮ,
ಏಳನೇ ಕ್ಲಾಸು; ಅಕ್ಷರ ದುಂಡಗಿದೆ ಅಂತ ಕೆಲಸ.

ಹಣ್ಣು ಅನ್ನಬೇಡಿ, ಡೋಸು ಅನ್ನಿ, ಅಂದಿದ್ದರು ವಾರಿಜಾ ಮೇಡಂ.
ಮಾರನೇ ದಿನ ಅವರೇ ತಿದ್ದಿದರು:
ಡೋಸು ಅನ್ನೋಕೂ ಆಗಲ್ಲ ಇನ್ನೂ,
ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಮ್ಮಿ,
ಒಣಗಿಸಿ, ಪುಡಿ ಮಾಡಿ, ಬೆರೆಸಿ, ಅಳೆದರೆ ತಾನೆ.
ವಾಂತಿಭೇದಿಯ ಕ್ರಿಮಿಯದೊಂದು ಚೂರು, ಕಚ್ಚಲಾರದ ಚೂರು,
ಗಿಡದೊಳಗೆ ಸೇರಿಸಿದ್ದೇವೆ;
ಹೊಟ್ಟೆ ಅದರ ಮುಖ ಗುರುತಿಟ್ಟುಕೊಳ್ಳುತ್ತೆ.
ಹಾವು ತೋರಿಸದೆ ಪೊರೆ ತೋರಿಸಿದ ಹಾಗೆ, ಅಂದೆ.
ನಕ್ಕು, ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ತಿನ್ನಬಾರದು. ಅದೊಂದು ಕಟ್ಟುನಿಟ್ಟು.
ಗಿಡದಿಂದಲೇ ಕಿತ್ತು, ಸೆರಗಿಗೆ ಒರೆಸಿ,
ಚಿಟಿಕೆ ಉಪ್ಪಲ್ಲಿ ತಿಂದು ಬೆಳೆದ ಬಾಯಿ;
ಬಲೆಯೊಳಗೆ ಅದಕ್ಕೆ ಮಾಸ್ಕು.

ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ.
ತಮ್ಮ ಪಿಳ್ಳಪ್ಪನಿಗೆ ನಾಲ್ಕು ವರ್ಷ, ಊಟ ಏನು ಬಲ್ಲ,
ಕುಂಟೆ ನೀರು ಬಲ್ಲ.
ಬೆಳಿಗ್ಗೆ ಆಡಿದವನು ದೀಪ ಹಚ್ಚೋ ಹೊತ್ತಿಗೆ
ಹಿಂಡಿದ ಬಟ್ಟೆಯ ಹಾಗೆ ಅಮ್ಮನ ತೋಳ ಮೇಲೆ.
ನನಗೆ ಆರು. ಆವತ್ತೂ ಎಣಿಸುತ್ತಾ ಕೂತಿದ್ದೆ,
ಎಷ್ಟು ಸಲ ಹೊರಗೆ ಎತ್ತಿಕೊಂಡು ಹೋದರು ಅಂತ.
ಹದಿನಾಲ್ಕರ ನಂತರ ಎಣಿಕೆ ತಪ್ಪಿತು.

ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ
ಒಂಬೈನೂರ ನಾಲ್ಕು, ಒಂಬೈನೂರ ಮೂರಾಯಿತು.
ಇಲಿ ಕಡಿದಿದೆ, ಸುಟ್ಟಿದ್ದೇವೆ, ಅಂತ ದುಂಡಗೆ ಬರೆದೆ.
ಎಡೆಯಲ್ಲಿ ಅಪ್ಪನಿಗೆ ಬೀಡಿಕಟ್ಟು, ಅಜ್ಜಿಗೆ ಎಲೆಅಡಿಕೆ,
ಎಲೆಯ ತುದಿಗೆ ಪಿಳ್ಳಪ್ಪನದು,
ತೊಳೆದು, ಕುಯ್ಯದೆ, ಹಾಗೇ ಇಟ್ಟೆ.
ನಲವತ್ತೊಂದು ವರ್ಷ ತಡ.
ಅಳೆದಿಲ್ಲ, ಹೆಚ್ಚೋ ಕಮ್ಮಿಯೋ ಗೊತ್ತಿಲ್ಲ.

ಮಾಳಿಗೆ ಮೇಲಿಟ್ಟು ಕಾ ಕಾ ಅಂದರೆ
ಕಾಗೆ ವಡೆ ಮುಟ್ಟಲಿಲ್ಲ, ಪಾಯಸದ ಕಡೆ ತಿರುಗಲಿಲ್ಲ,
ಆ ಹಣ್ಣನ್ನೇ ಕೊಕ್ಕಿಗೆ ಚುಚ್ಚಿಕೊಂಡು
ಹುಣಸೆಮರ ದಾಟಿ ಹೋಯಿತು.
ಕಣ್ಣು ತುಂಬಿತು.
ಒರೆಸಿಕೊಳ್ಳುವಾಗ ಎದೆ ಧಸಕ್ಕೆಂದಿತು:
ಬೀಜ!

ಈಗ ಧನುರ್ಮಾಸದ ಚಳಿ.
ತಿಪ್ಪೆಯಲ್ಲಿ, ಸ್ಕೂಲಿನ ಮೋರಿ ಅಂಚಲ್ಲಿ, ಕುಂಟೆ ಏರಿಯ ಮೇಲೆ,
ಟಮೋಟ ಸಸಿ ಎಲ್ಲಿಲ್ಲ ನಮ್ಮೂರಲ್ಲಿ?
ಸುರಿದ ಲೋಡಿನದೋ, ಕಾಗೆ ತಂದದ್ದೋ,
ಎಲೆ ಮುರಿದು ಮೂಸಿದರೆ ಎಲ್ಲಕ್ಕೂ ಒಂದೇ ಘಾಟು.
ಕತ್ತಲಾಗುವ ಹೊತ್ತು ಕಿತ್ತು ಕಿತ್ತು ಒಲೆಗೆ ಹಾಕ್ತೀನಿ.
ಕೂಲಿ ಯಾರು ಕೊಡ್ತಾರಕ್ಕಾ, ಅಂತ ಆಚೆಮನೆಯವಳು ನಗ್ತಾಳೆ.
ಇವತ್ತಿಗೆ ಮುನ್ನೂರ ಎಪ್ಪತ್ತು. ಇದನ್ನು ಎಲ್ಲೂ ಬರೆದಿಲ್ಲ.

ಏರಿಯ ಮೇಲಿನ ಒಂದನ್ನು ಮಾತ್ರ
ನಾಳೆ, ನಾಳೆ ಅಂತ ಬಿಟ್ಟಿದ್ದೀನಿ.
ಹಳದಿ ಹೂ ಬಂದಿದೆ.