ಒಳಕ್ಕೆ ಮಾತ್ರ

ಜಬೀವುಲ್ಲಾ ಆರ್‌ಎಕ್ಸ್ ಬೈಕುಗಳ ಮೇಸ್ತ್ರಿ,
ನೀರಿನ ಮೇಲೆ ಓಡುವುದನ್ನು ಮುಟ್ಟಿದವನಲ್ಲ.
ಬೇಲೂರಿನಿಂದ ಯಗಚಿ ದಡಕ್ಕೆ ಬಂದು
ಜೆಟ್‌ಸ್ಕೀಯ ಹೊಟ್ಟೆ ತೆರೆಸಿ, ಮೂಗಿಟ್ಟು, ಅಂದ:
"ಕುಡಿದದ್ದನ್ನ ಉಗೀತಾ ಇದೆ ಅಕ್ಕಾ.
ರೀಡು ಹೋಗಿದೆ. ಆರ್‌ಎಕ್ಸ್‌ಗೂ ಇದೇ ಕಾಯಿಲೆ."

ಮೂರು ದಿನದಿಂದ ನಾನು ಟಿಕೆಟ್ಟು ಹರಿದಿರಲಿಲ್ಲ.
ಕಾರ್ಬುರೇಟರಿನ ಬಾಯಲ್ಲಿ ಪೆಟ್ರೋಲಿನ ಮಂಜು,
ಸ್ಟಾರ್ಟರ್ ಒತ್ತಿ ಒತ್ತಿ ಬ್ಯಾಟರಿಯೂ ಸತ್ತು
ಮಲ್ಪೆಯಿಂದ ಕೊಂಡು ತಂದ ಹಳೇ ಗಾಡಿ
ಮಧ್ಯಾಹ್ನದ ಎಮ್ಮೆಯ ಹಾಗೆ ನೀರಲ್ಲಿ ಕೂತಿತ್ತು.

ಬೋಲ್ಟು ಬಿಚ್ಚಿದ. ಹೊರಬಂತು
ಅಂಗೈಯಗಲದ ಪಂಜರ, ಮನೆಯ ಮಾಡಿನ ಆಕಾರ.
ಎರಡೂ ಇಳಿಜಾರಿಗೆ ಮೂರು ಮೂರು ಉಕ್ಕಿನ ಎಸಳು,
ವೀಳ್ಯದೆಲೆಗಿಂತ ತೆಳು.
ಗಾಳಿ ಒಳಬರುವಾಗ ತಲೆ ಎತ್ತಬೇಕು,
ಹಿಂದಿರುಗಿ ಹೊರಟರೆ ಕದ ಹಾಕಬೇಕು,
ನಿಮಿಷಕ್ಕೆ ಆರು ಸಾವಿರ ಸಲ.
ಅಷ್ಟೇ ಅದರ ನೌಕರಿ.
ಒಂದು ಎಸಳಿಗೆ ಮೂಲೆಯೇ ಇರಲಿಲ್ಲ.

ಮೂಲೆ ಎಲ್ಲಿ?

ಟಾರ್ಚು ಬಿಟ್ಟೆವು. ತಂತಿಗೆ ಆಯಸ್ಕಾಂತ ಕಟ್ಟಿ ಇಳಿಸಿದೆವು.
ಕಡ್ಡಿಗೆ ಗ್ರೀಸು ಮೆತ್ತಿ ತಡಕಿದೆವು.
ಉಗುರಿನಷ್ಟು ಉಕ್ಕಿಗಾಗಿ
ಊಟದ ಹೊತ್ತೂ ಮೀರಿತು.
ಕೊನೆಗೆ ಹೆಡ್ಡು ಬಿಚ್ಚಿ, ಪಿಸ್ಟನ್ ಮೇಲೆ ಬೆರಳಾಡಿಸಿ
ಸುಮ್ಮನಾದ.
"ಇದು ಮಾಗಿದ ಗಾಯ ಅಕ್ಕಾ.
ಆ ಚೂರು ಈ ಊರು ನೋಡೇ ಇಲ್ಲ.
ಮಾರಿದೋನಿಗೆ ಗೊತ್ತಿತ್ತು."

ಆವತ್ತು ಅವನು ಕೊಡಿಸಿದ ಎಳನೀರು ನೆನಪಾಯಿತು.
ಬೇಡವೆಂದರೂ ಎರಡು ಕೊಡಿಸಿದ್ದ.

ಮರುದಿನ ಹಾಸನದಿಂದ,
ಮೋಟರಿಗೆ ಕಾಯಿಲ್ ಕಟ್ಟುವವರ ಹತ್ತಿರ
ಹಳದಿ ಫೈಬರ್ ಹಾಳೆ ಇಸಿದುಕೊಂಡು ಬಂದ.
"ಉಕ್ಕು ಮುರಿದ್ರೆ ಕಚ್ಚುತ್ತೆ,
ಇದು ಮುರಿದ್ರೆ ಪುಡಿಯಾಗಿ ಹೊಗೆ ಜೊತೆ ಹೋಗುತ್ತೆ.
ದಪ್ಪ ಹಾಕಿದ್ರೆ ಓಟ, ತೆಳು ಹಾಕಿದ್ರೆ ಏಳ್ಗೆ.
ನಿಮ್ಮ ಗಿರಾಕಿ ಯಾರು?"

ಹೇಳಿದೆ: ಗುಡಿ ನೋಡಿ ಬರುವ ಹೊಸ ಜೋಡಿ,
ಒಂದೇ ಸುತ್ತು,
ಹೆಂಡತಿ ನಗುತ್ತಾಳೆ, ಗಂಡ ನಿಲ್ಲಿಸಿ ಅನ್ನುತ್ತಾನೆ.

"ಹಾಗಾದ್ರೆ ತೆಳು."

ಹಳೆಯ ಎಸಳನ್ನೇ ಅಚ್ಚಾಗಿಟ್ಟು ಗೀಚಿ, ಕತ್ತರಿಸಿ,
ಅಂಚನ್ನು ನೀರುಕಾಗದದಲ್ಲಿ ಉಜ್ಜಿದ,
ಮಗುವಿನ ಉಗುರು ತೆಗೆಯುವವರ ಹಾಗೆ ಉಸಿರು ಹಿಡಿದು.
ಪಂಜರದ ಒರಟು ತುಟಿಗೂ ಅರ ಹಾಕಿದ.
ಕೂರಿಸಿ ಬಿಸಿಲಿಗೆ ಹಿಡಿದರೆ
ಒಂದು ಕಡೆ ಕೂದಲೆಳೆಯ ಬೆಳಕು.
ಬಿಚ್ಚಿದ. ಮತ್ತೆ ಉಜ್ಜಿದ.
ಬೆಳಕು ಹೋಯಿತು.
ಆಮೇಲೆ ಬಾಯಿಗಿಟ್ಟು ಊದಿದ, ಹೋಯಿತು;
ಎಳೆದ, ಬರಲಿಲ್ಲ.
ಕೆನ್ನೆ ಒಳಸೇರಿ, ಕಣ್ಣರಳಿಸಿ
ಆ ಸ್ಥಿತಿಯಲ್ಲೇ ನನ್ನತ್ತ ನಕ್ಕ.

ಮೊದಲ ಒತ್ತಿಗೇ ಎದ್ದಿತು ಗಾಡಿ.
ನೀನೂ ಹತ್ತು ಅಂದೆ. ಈಜು ಬರಲ್ಲ ಅಂದ.

ನೀರಿನ ನಡುವೆ ತಿರುಗಿ ನೋಡಿದರೆ
ಪ್ಯಾಂಟು ಮೊಣಕಾಲಿಗೆ ಮಡಚಿ ದಡದಲ್ಲಿ ನಿಂತಿದ್ದ,
ಒಂದು ಕಿವಿ ಮುಚ್ಚಿ, ಇನ್ನೊಂದನ್ನು ನನ್ನ ಕಡೆಗಿಟ್ಟು.
ಹತ್ತಿರ ಬಂದೆ. ಹೊಗಳಬಹುದು ಅಂದುಕೊಂಡೆ.
ಬೆರಳೆತ್ತಿ ಗಾಳಿಯಲ್ಲಿ ಸುತ್ತಿಸಿದ:
ಇನ್ನೊಂದು ರೌಂಡು.
ಎಡಗಡೆ ಸಿಲಿಂಡರಿನ ದನಿ
ಅವನಿಗಿನ್ನೂ ಒಪ್ಪಿಗೆಯಾಗಿಲ್ಲ.